ಗೋಡೆಗೆ ಬೆನ್ನು ತಾಗುತ್ತದೆ, ತಲೆ ತಾಗುವುದಿಲ್ಲ. ಬೆಲ್ಟ್ ಕೊಳ್ಳಲೇ?

ಸೂಜಿದಾರ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರಿನ ಕಡೆ ಒಂದು ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ವಯಸ್ಸು 43. ಮೆಷಿನ್ ಮುಂದೆ ಕುಳಿತು ಇಪ್ಪತ್ತು ವರ್ಷ ದಾಟಿತು.

ಹೋದ ತಿಂಗಳು ತಂಗಿಯ ಮಗಳ ಮದುವೆಯ ಫೋಟೊಗಳು ಬಂದವು. ಅಕ್ಷತೆ ಹಾಕಲು ಸಾಲಿನಲ್ಲಿ ನಿಂತವರನ್ನು ಪಕ್ಕದಿಂದ ತೆಗೆದ ಒಂದು ಚಿತ್ರವಿದೆ. ಅದರಲ್ಲಿ ಒಬ್ಬ ಮುದುಕ ಕತ್ತು ಮುಂದೆ ಚಾಚಿ, ಹೆಗಲನ್ನು ಒಳಗೆ ಮಡಚಿಕೊಂಡು ನಿಂತಿದ್ದ. ಇವನಾರು, ಗಂಡಿನ ಕಡೆಯವನೇ ಎಂದು ಹೆಂಡತಿಯನ್ನು ಕೇಳಿದೆ. ಅವಳ ನಗು ಇನ್ನೂ ನಿಂತಿಲ್ಲ. ಅಂಗಿಯ ಬಣ್ಣ ನೋಡಿದ ಮೇಲೆ ಗೊತ್ತಾಯಿತು, ಅದು ನಾನೇ.

ಎರಡು ವರ್ಷಗಳಿಂದ ಎರಡೂ ಹೆಗಲ ಹಲಗೆಗಳ ನಡುವೆ ಉರಿ ಇದೆ. ಮುಲಾಮು ಹಚ್ಚುತ್ತೇನೆ. ರಾತ್ರಿ ಮಗ ಬೆನ್ನ ಮೇಲೆ ನಿಂತು ತುಳಿಯುತ್ತಾನೆ. ಅರ್ಧ ಗಂಟೆ ಹಗುರವಾಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಯಾರೋ ಹೇಳಿದರೆಂದು ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿದೆ. ಪೃಷ್ಠ ತಾಗುತ್ತದೆ, ಬೆನ್ನು ತಾಗುತ್ತದೆ, ತಲೆ ಮಾತ್ರ ಗೋಡೆಯಿಂದ ಮೂರು ಬೆರಳು ದೂರ ನಿಲ್ಲುತ್ತದೆ. ಗಲ್ಲ ಮೇಲೆತ್ತಿದರೆ ತಾಗುತ್ತದೆ.

ಹೆಗಲಿಗೆ ಹಾಕಿಕೊಳ್ಳುವ ಬೆಲ್ಟ್ 600 ರೂಪಾಯಿಗೆ ಸಿಗುತ್ತದೆ ಎನ್ನುತ್ತಾರೆ. ಕೊಳ್ಳಲೇ? ನಮ್ಮದು ಪೀಸ್ ಲೆಕ್ಕದ ಕೂಲಿ, ರಜೆ ಹಾಕಿ ದವಾಖಾನೆ ಸುತ್ತುವ ಸ್ಥಿತಿಯಲ್ಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡುವ ಹುಡುಗ ಕೂಡ ಈಗೀಗ ನನ್ನನ್ನು ಅಜ್ಜ ಎಂದು ಕರೆಯಲು ಶುರು ಮಾಡಿದ್ದಾನೆ.

ಕರಡಿಮರಿ (ದರೋಜಿ)

ಕೊಳ್ಳಬೇಡಿ. ನನ್ನದನ್ನೇ ಕೊಡುತ್ತೇನೆ, ಬರೀ ಒಂದು ವಾರ ಹಾಕಿದ್ದು. ಮೇ ತಿಂಗಳಲ್ಲಿ ಅದನ್ನು ಅಂಗಿಯೊಳಗೆ ಬಿಗಿದುಕೊಂಡು ಬಳ್ಳಾರಿಯಲ್ಲಿ ತಿರುಗಾಡಿದವನಿಗೆ ನರಕದ ವರ್ಣನೆ ಬೇರೆ ಬೇಕಾಗಿಲ್ಲ.

ಗರಡಿಯವ (ಸಂಡೂರು)

ಬೆಲ್ಟ್ ಎಂಬುದು ಸೋಮಾರಿಗಳ ಸಾಧನ. ಬೆಳಗ್ಗೆ ಎದ್ದು ಐವತ್ತು ದಂಡ ಹೊಡೆಯಿರಿ. ನಮ್ಮ ಉಸ್ತಾದರಿಗೆ 70 ದಾಟಿದೆ, ಈಗಲೂ ಎದೆ ಕದದ ಹಾಗಿದೆ. ಕೂತು ಕೂತು ಜನ ಕುಂಬಳಕಾಯಿಗಳಾಗಿದ್ದಾರೆ, ಆಮೇಲೆ ಫೋಟೊದಲ್ಲಿ ತಮ್ಮ ಗುರುತು ತಮಗೇ ಸಿಗುವುದಿಲ್ಲ.

ಮನೆಕಚೇರಿ (ಕೊಪ್ಪಳ)

ಬೆಲ್ಟನ್ನು ಅಷ್ಟು ಹೀಗಳೆಯಬೇಡಿ. ನಾನು ಲ್ಯಾಪ್‌ಟಾಪ್ ಮುಂದೆ ದಿನಕ್ಕೆ ಒಂಬತ್ತು ಗಂಟೆ ಕೂರುವವನು, ನನಗೆ ಅದರಿಂದ ಅನುಕೂಲವಾಗಿದೆ. ಇನ್ನೊಂದು ವಿಷಯ: ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದಂತೆ. ಅರ್ಧ ಚೀಲ ಅಕ್ಕಿ ಕತ್ತಿನ ಮೇಲೆ ಹೊತ್ತು ಹೊಲಿಯುತ್ತಿದ್ದೀರಿ ಎಂದಾಯಿತು!

ಹೆಗಲುವೈದ್ಯೆ (ರಾಯಚೂರು)

ಫಿಜಿಯೋಥೆರಪಿ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಆ 27 ಕಿಲೋ ಲೆಕ್ಕ 2014ರಲ್ಲಿ ಅಮೆರಿಕದ ಒಬ್ಬ ಬೆನ್ನುಮೂಳೆ ಶಸ್ತ್ರವೈದ್ಯರು ಕಂಪ್ಯೂಟರ್ ಮಾದರಿಯಲ್ಲಿ ತೆಗೆದದ್ದು. ಬದುಕಿರುವ ಮನುಷ್ಯನ ಕತ್ತಿನೊಳಗೆ ತಕ್ಕಡಿ ಇಟ್ಟು ತೂಗಿದ್ದಲ್ಲ. ಕತ್ತು ಬಗ್ಗಿದಷ್ಟೂ ಹಿಂಬದಿಯ ಸ್ನಾಯುಗಳಿಗೆ ದುಡಿಮೆ ಹೆಚ್ಚು ಎನ್ನುವಷ್ಟಕ್ಕೆ ಅದನ್ನು ನಂಬಿ, ಹೆದರಲು ಬಳಸಬೇಡಿ. ಕತ್ತು ಇರುವುದೇ ಬಗ್ಗಲು. ಬಗ್ಗಿದ ಕತ್ತು ಗಂಟೆಗಟ್ಟಲೆ ಅಲ್ಲೇ ನಿಲ್ಲುವುದು ತೊಂದರೆ.

ಸೂಜಿದಾರ ಅವರೇ, ಬೆಲ್ಟಿನ ಮಾತು ಆಮೇಲೆ. ನೋವು ಎಲ್ಲಿದೆಯೋ ಬಿಗಿತವೂ ಅಲ್ಲೇ ಇದೆ ಎಂದು ಎಲ್ಲರೂ ನಂಬುತ್ತಾರೆ, ನಿಮ್ಮ ಮಗನೂ ಅದನ್ನು ನಂಬಿಯೇ ತುಳಿಯುತ್ತಿದ್ದಾನೆ. ಹಗ್ಗಜಗ್ಗಾಟದಲ್ಲಿ ಸೋಲುತ್ತಿರುವ ಕಡೆಯವರೇ ಹೆಚ್ಚು ಕೂಗುತ್ತಾರೆ. ನಿಮ್ಮ ಬೆನ್ನು ಕೂಗುತ್ತಿದೆ. ಎಳೆಯುತ್ತಿರುವವನು ಎದೆಯಲ್ಲಿ ಕುಳಿತಿರಬಹುದು. ನೋಡದೆ ಖಚಿತವಾಗಿ ಹೇಳಲಾರೆ, ಆದ್ದರಿಂದ ಮನೆಯಲ್ಲೇ ಪರೀಕ್ಷಿಸಿ ಬರೆಯಿರಿ.

ಗೋಡೆಯದ್ದನ್ನು ಇನ್ನೊಮ್ಮೆ ಮಾಡಿ. ಹಿಮ್ಮಡಿ ಗೋಡೆಯಿಂದ ಎರಡು ಮೂರು ಇಂಚು ಮುಂದಿರಲಿ, ದೃಷ್ಟಿ ನೇರ ಎದುರಿಗಿರಲಿ. ಗಲ್ಲ ಎತ್ತಿ ತಲೆ ತಾಗಿಸುವುದು ತಕ್ಕಡಿಯ ತಟ್ಟೆಗೆ ಬೆರಳು ಒತ್ತಿದ ಹಾಗೆ, ಅದು ಲೆಕ್ಕಕ್ಕಿಲ್ಲ.

ಆಮೇಲೆ ದಿಂಬಿಲ್ಲದೆ ನೆಲದ ಮೇಲೆ ಅಂಗಾತ ಮಲಗಿ. ಮಂಡಿ ಮಡಚಿ, ಕೈಗಳನ್ನು ಪಕ್ಕದಲ್ಲಿ ಸಡಿಲವಾಗಿ ಬಿಡಿ. ಮಗ ತಲೆಯ ಕಡೆ ಕುಳಿತು, ಹೆಗಲ ತುದಿಯ ಹಿಂಬದಿಗೂ ನೆಲಕ್ಕೂ ಎಷ್ಟು ಅಂತರವಿದೆ ಎಂದು ನೋಡಲಿ. ಸುಮಾರು ಒಂದು ಇಂಚಿನವರೆಗೆ ಇದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಪೆಕ್ಟೊರಾಲಿಸ್ ಮೈನರ್ ಎಂಬ ಸಣ್ಣ ಸ್ನಾಯುವಿನ ಮೇಲೆ ಅನುಮಾನ. ಅದು ಮೂರರಿಂದ ಐದನೆಯ ಪಕ್ಕೆಲುಬಿನವರೆಗಿನ ಜಾಗದಲ್ಲಿ ಹುಟ್ಟಿ, ಹೆಗಲ ಹಲಗೆಯ ಮುಂದಿನ ಕೊಕ್ಕಿಗೆ ಹೋಗಿ ಅಂಟಿಕೊಂಡಿದೆ. ಗಿಡ್ಡವಾದರೆ ಹಲಗೆಯನ್ನೇ ಮುಂದಕ್ಕೆ ಬಗ್ಗಿಸುತ್ತದೆ.

ಹಾಗೆಯೇ ಮಲಗಿ, ಸೊಂಟ ನೆಲ ಬಿಡದಂತೆ ಎರಡೂ ಕೈಗಳನ್ನು ತಲೆಯ ಮೇಲಿನಿಂದ ಹಿಂದಕ್ಕೆ ಚಾಚಿ. ಕೈ ನೆಲ ಮುಟ್ಟುವ ಮೊದಲೇ ಸೊಂಟ ಕಮಾನಿನಂತೆ ಏಳುತ್ತಿದ್ದರೆ ಕಂಕುಳ ಹಿಂದಿನ ದೊಡ್ಡ ಸ್ನಾಯು ಬಿಗಿದಿದೆ ಎಂದುಕೊಳ್ಳಿ.

ಕೊನೆಯದು ಮಕ್ಕಳಾಟ. ಎದ್ದು ನಿಂತು, ಎರಡೂ ಮುಷ್ಟಿಯಲ್ಲಿ ಒಂದೊಂದು ಪೆನ್ನು ಹಿಡಿದು ಕೈ ಇಳಿಬಿಡಿ. ಪೆನ್ನುಗಳು ಮುಂದಕ್ಕೆ ನೋಡಬೇಕು. ಒಂದರ ಮುಖ ಒಂದು ನೋಡುತ್ತಿದ್ದರೆ ತೋಳುಗಳು ಒಳಕ್ಕೆ ಹೊರಳಿವೆ.

ಒಂದು ಎಚ್ಚರಿಕೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಕೈಗೆ ಇಳಿಯುವ ಜೋಮು, ಹಿಡಿತ ತಪ್ಪಿ ವಸ್ತು ಬೀಳುವುದು, ನಡೆಯುವಾಗ ತೂರಾಟ, ಮಲಮೂತ್ರದ ಹಿಡಿತ ತಪ್ಪುವುದು, ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ಈ ಆಟಗಳನ್ನೆಲ್ಲ ಬಿಟ್ಟು ವೈದ್ಯರ ಬಳಿ ಹೋಗಿ. ಬೆವರಿನೊಂದಿಗೆ ಎದೆ ಹಿಂಡಿ ತೋಳಿಗೆ ನೋವು ಹರಿದರೆ ಆಂಬ್ಯುಲೆನ್ಸ್‌ಗೆ 108ಕ್ಕೆ ಕರೆ ಮಾಡಿ, ಇಲ್ಲಿ ಬಂದು ಬರೆಯುತ್ತಾ ಕೂರಬೇಡಿ.

ಕರಡಿಮರಿ (ದರೋಜಿ)

ಪೆನ್ನು ಹಿಡಿದು ನಿಂತೆ. ಎರಡೂ ಒಂದನ್ನೊಂದು ಮದುವೆಗೆ ನೋಡಲು ಬಂದವರ ಹಾಗೆ ನೋಡುತ್ತಿವೆ.

ಮೇಷ್ಟ್ರು (ಮಾನ್ವಿ)

ಶಾಲೆಯಲ್ಲಿ ಇಂದು ಏಳನೆಯ ತರಗತಿಯವರಿಗೆ ಈ ಗೋಡೆ ಪರೀಕ್ಷೆ ಮಾಡಿಸಿದೆ. ಮಕ್ಕಳಿಗೆ ಹಬ್ಬವಾಯಿತು. ಹೆಚ್ಚಿನವರ ತಲೆ ಸರಾಗವಾಗಿ ತಾಗಿತು. ತಾಗದೆ ಉಳಿದವನು ನಾನು. ಮಕ್ಕಳು ಚೀಲ ಹೊತ್ತು ಬಗ್ಗುವುದನ್ನು ನೋಡುವಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದು ಎಂದು ನಮ್ಮ ರಾಜ್ಯದಲ್ಲಿ 2019ರಲ್ಲೇ ಆದೇಶವಾಗಿದೆ. ಓದಿದವರೆಷ್ಟು, ತೂಗಿದವರೆಷ್ಟು!

ರೊಟ್ಟಿಯಕ್ಕ (ಲಿಂಗಸುಗೂರು)

ಮೇಷ್ಟ್ರೇ, ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಹೋಗುವ ಮಕ್ಕಳಿಗೆ ಮೊದಲು ಎರಡೂ ಪಟ್ಟಿ ಹಾಕಿಸಿ. ಆದೇಶಕ್ಕೆ ಕಾಯುತ್ತಾ ಕೂರುವುದೇಕೆ?

ಸೂಜಿದಾರ (ಬಳ್ಳಾರಿ)

ಪರೀಕ್ಷೆ ಮುಗಿಯಿತು. ಅಳತೆ ನಮ್ಮ ಕಸುಬೇ ಆದ್ದರಿಂದ ಬೆರಳಿನ ಲೆಕ್ಕ ಬಿಟ್ಟು ಟೇಪು ಹಿಡಿದೆವು. ನೆಲದಿಂದ ಎಡ ಹೆಗಲಿಗೆ ಒಂದೂವರೆ ಇಂಚು, ಬಲ ಹೆಗಲಿಗೆ ಎರಡು ಕಾಲು. ಮಗ ಎರಡು ಸಲ ಅಳೆದ. ಬಲಗಡೆಯದನ್ನು ನೋಡಿ, ಅಪ್ಪಾ ನಿನ್ನನ್ನು ಯಾರೋ ಓರೆಯಾಗಿ ಕತ್ತರಿಸಿದ್ದಾರೆ ಎಂದ.

ಗಲ್ಲ ಎತ್ತದೆ ನಿಂತರೆ ತಲೆಗೂ ಗೋಡೆಗೂ ಎರಡು ಇಂಚು. ಕೈ ಮೇಲೆ ಚಾಚಿದಾಗ ಸೊಂಟ ಅಷ್ಟಾಗಿ ಏಳಲಿಲ್ಲ. ಪೆನ್ನುಗಳ ಕಥೆ ದರೋಜಿಯವರದ್ದೇ. ಜೋಮು, ಜ್ವರ ಏನೂ ಇಲ್ಲ.

ಒಂದು ವಿಷಯಕ್ಕೆ ಬೆರಗಾದೆ. ಎದೆಯ ಮೇಲೆ, ಹೆಗಲಿನ ಹತ್ತಿರ ಹೆಬ್ಬೆರಳು ಒತ್ತಿದರೆ ಜೀವ ಹೋದಂತಾಗುತ್ತದೆ. ಎರಡು ವರ್ಷ ಬೆನ್ನಿಗೆ ಮುಲಾಮು ತಿಕ್ಕಿದ್ದೇನೆ. ಎದೆಯನ್ನು ಒಂದು ದಿನವಾದರೂ ಮುಟ್ಟಿ ನೋಡಿರಲಿಲ್ಲ.

ಹೆಗಲುವೈದ್ಯೆ (ರಾಯಚೂರು)

ಬಲಗಡೆ ಹೆಚ್ಚಿರುವುದು ಸಹಜ, ಬಟ್ಟೆ ತಳ್ಳುವ ಕೈ ಅದೇ ಅಲ್ಲವೇ. ಆದರೆ ಟೇಪಿನ ಅಂಕಿಯನ್ನು ಶಾಸನ ಮಾಡಿಕೊಳ್ಳಬೇಡಿ. ಯಾವ ನೋವೂ ಇಲ್ಲದವರಲ್ಲೂ ಇಷ್ಟು ಅಂತರ ಸಿಗುತ್ತದೆ. ಅದು ಒಂದು ಸುಳಿವು, ಅಷ್ಟೇ.

ಈ ಮೈಕಟ್ಟಿಗೆ ಅಪ್ಪರ್ ಕ್ರಾಸ್ಡ್ ಸಿಂಡ್ರೋಮ್ ಎಂಬ ಹೆಸರೂ ಇದೆ. ಜೆಕ್ ವೈದ್ಯ ವ್ಲಾಡಿಮಿರ್ ಯಾಂಡಾ ಇದನ್ನು ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳ ಹಾಗೆ ಕಂಡರು: ಎದೆ ಮತ್ತು ಕತ್ತಿನ ಹಿಂಬದಿ ಬಿಗಿ, ಗಲ್ಲದ ಕೆಳಗಿನ ಆಳದ ಸ್ನಾಯುಗಳು ಮತ್ತು ಹೆಗಲ ಹಲಗೆಯ ಕೆಳಭಾಗ ಸಡಿಲ. ಪಕ್ಕದಿಂದ ನೋಡಿದರೆ ಗುಣಾಕಾರದ ಗುರುತು ಮೂಡುತ್ತದೆ.

ಮಾಡಬೇಕಾದ್ದು ಮೂರೇ. ಬಾಗಿಲ ಚೌಕಟ್ಟಿಗೆ ಮುಂಗೈ ಊರಿ, ಮೊಣಕೈಯನ್ನು ಹೆಗಲಿಗಿಂತ ತುಸು ಮೇಲಿಟ್ಟು, ಒಂದು ಹೆಜ್ಜೆ ಮುಂದೆ ಇಡಿ. ಎಳೆತ ಎದೆಯಲ್ಲಿ ಗೊತ್ತಾಗಬೇಕು, ಹೆಗಲ ಕೀಲಿನಲ್ಲಲ್ಲ. ಅರ್ಧ ನಿಮಿಷ, ಪ್ರತಿ ಕಡೆ ಮೂರು ಸಲ. ಎರಡನೆಯದು, ಗೋಡೆಗೆ ನಿಂತಾಗ ಗಲ್ಲವನ್ನು ಎತ್ತದೆ ಇಳಿಸದೆ ನೇರ ಹಿಂದಕ್ಕೆ ಸರಿಸಿ ಐದು ಸೆಕೆಂಡ್ ಹಿಡಿಯುವುದು, ಹತ್ತು ಸಲ. ಗಂಟಲಲ್ಲಿ ಎರಡು ಗಲ್ಲ ಮೂಡಬೇಕು, ಚೆಲುವಿನ ಆಸೆ ಬಿಡಿ. ಮೂರನೆಯದೇ ಮುಖ್ಯ, ಜನ ಬಿಟ್ಟುಬಿಡುವುದೂ ಅದನ್ನೇ: ಎಳೆಯುವ ಕೆಲಸ. ಜೀನ್ಸ್ ಘಟಕದಲ್ಲಿ ಸೊಂಟಪಟ್ಟಿಯ ಎಲಾಸ್ಟಿಕ್ ಸಿಗದೇ ಇರುತ್ತದೆಯೇ? ಅಗಲದ್ದು ಎರಡು ಮೀಟರ್ ತೆಗೆದುಕೊಂಡು ಕಿಟಕಿಯ ಸರಳಿಗೆ ಸುತ್ತಿ, ಮೊಣಕೈಗಳನ್ನು ಹಿಂದಕ್ಕೆ ಎಳೆಯಿರಿ. ಹೆಗಲನ್ನು ಕಿವಿಯ ಕಡೆಗೆ ಎತ್ತಬೇಡಿ. ಹನ್ನೆರಡು ಸಲದಂತೆ ಮೂರು ಸರದಿ, ದಿನ ಬಿಟ್ಟು ದಿನ. ಆರರಿಂದ ಎಂಟು ವಾರ ಬೇಕು. ಮೂರನೆಯ ದಿನಕ್ಕೆ ಟೇಪು ಹಿಡಿದು ಕೂರಬೇಡಿ.

ಬೆಲ್ಟ್ ವಿಚಾರ: ಅದು ಜ್ಞಾಪಿಸುವ ಗಂಟೆ. ದಿನಕ್ಕೆ ಸ್ವಲ್ಪ ಹೊತ್ತು ಹಾಕಿಕೊಂಡರೆ ನಷ್ಟವೇನಿಲ್ಲ. ಆದರೆ ಬೆನ್ನಿನ ಸ್ನಾಯು ಮಾಡಬೇಕಾದ ಕೆಲಸವನ್ನು ಪಟ್ಟಿಯೇ ಮಾಡಿದರೆ ಸ್ನಾಯು ಏನು ಕಲಿಯುತ್ತದೆ?

ಗರಡಿಯವ (ಸಂಡೂರು)

ಇಷ್ಟೆಲ್ಲ ಏಕೆ, ದಂಡ ಹೊಡೆದರೆ ಇವೆಲ್ಲವೂ ಅದರಲ್ಲೇ ಬಂತು.

ಹೆಗಲುವೈದ್ಯೆ (ರಾಯಚೂರು)

ಬರುವುದಿಲ್ಲ. ದಂಡ ತಳ್ಳುವ ವ್ಯಾಯಾಮ. ಎದೆ ಈಗಾಗಲೇ ಬಿಗಿದವನಿಗೆ ಬರೀ ತಳ್ಳುವುದನ್ನೇ ಕೊಟ್ಟರೆ ಎದೆಯ ಪಾಲು ಇನ್ನೂ ಹೆಚ್ಚುತ್ತದೆ. ನಿಮ್ಮ ಉಸ್ತಾದರ ಬೆನ್ನು ನೆಟ್ಟಗಿರುವುದು ದಂಡದಿಂದ ಮಾತ್ರವೇ? ಗದೆ ತಿರುಗಿಸುತ್ತಿದ್ದರೇ, ಹಗ್ಗ ಹತ್ತುತ್ತಿದ್ದರೇ, ಮಣ್ಣು ಅಗೆಯುತ್ತಿದ್ದರೇ ಕೇಳಿ ನೋಡಿ.

ಗರಡಿಯವ (ಸಂಡೂರು)

ಕೇಳಿದೆ. ಗದೆಯೂ ಹೌದು, ಹಗ್ಗವೂ ಹೌದು, ಕೆಮ್ಮಣ್ಣು ಅಗೆದು ಹದ ಮಾಡುವುದೂ ಹೌದು. ಅದೂ ಅಲ್ಲದೆ ದಿನಾ ಬಾವಿಯಿಂದ ನಲವತ್ತು ಕೊಡ ಸೇದುತ್ತಿದ್ದರಂತೆ. ಸರಿ, ಒಪ್ಪಿದೆ. ಆದರೂ ದಂಡ ಬಿಡುವುದಿಲ್ಲ.

ನಾಟಿಗದ್ದೆ (ಸಿಂಧನೂರು)

ಬಾವಿ ಸೇದುವುದು ಎಂದಾಗ ನೆನಪಾಯಿತು. ನಮ್ಮ ಅವ್ವ ತಲೆಯ ಮೇಲೆ ಎರಡು, ಕಂಕುಳಲ್ಲಿ ಒಂದು ಕೊಡ ಹೊತ್ತು ಬರುತ್ತಿದ್ದಳು. ಕತ್ತು ಕಂಬದ ಹಾಗೆ ನೆಟ್ಟಗಿತ್ತು. ನಾಟಿ ಮಾಡಲು ದಿನವಿಡೀ ಬಗ್ಗಿದವಳೂ ಅವಳೇ. ಬಗ್ಗಿದ ತಕ್ಷಣ ಗೂನು ಬರುವುದಾದರೆ ಕಾಲುವೆ ಸೀಮೆಯ ಹೆಂಗಸರೆಲ್ಲ ಎಂದೋ ಗೂನಾಗಿರಬೇಕಿತ್ತು.

ರೊಟ್ಟಿಯಕ್ಕ (ಲಿಂಗಸುಗೂರು)

ಗೂನಾಗಿಲ್ಲ ಎಂದು ನಿಮಗೆ ಯಾರು ಹೇಳಿದರು? ಹೆಂಗಸರನ್ನು ಗೋಡೆಗೆ ನಿಲ್ಲಿಸಿ ಅಳೆದಿದ್ದೀರಾ? ನಾನು ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತೇನೆ. ನೆಲದ ಮೇಲೆ ಕೊಮಣಿಗೆ ಇಟ್ಟುಕೊಂಡು, ಒಲೆಯ ಕಡೆ ಅರ್ಧ ಮೈ ತಿರುಗಿಸಿ, ಬಲಗೈ ಒಂದೇ ಸಮ ಬಡಿಯುತ್ತಿರಬೇಕು. ನಮ್ಮ ಜೊತೆಯ ಒಬ್ಬ ಹಿರಿಯಳಿಗೆ ಈಗ ಕುಪ್ಪಸದ ಹಿಂದಿನ ಗುಂಡಿ ಹಾಕಿಕೊಳ್ಳಲು ಕೈ ಹೋಗುವುದಿಲ್ಲ, ಸೊಸೆ ಹಾಕಬೇಕು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾದರು. ಗಂಡಸರಿಗೆ ಬೆನ್ನು ನೋವು ಬಂದರೆ ಚರ್ಚೆ, ನಮಗೆ ಬಂದರೆ ವಯಸ್ಸು.

ನಾನು ಮಾಡಿದ್ದು ಇಷ್ಟು. ಕಟ್ಟೆ ಕಟ್ಟಿಸಿ ನಿಂತುಕೊಂಡು ಬಡಿಯಲು ಶುರು ಮಾಡಿದೆ. ಮೊದಲು ಸೊಂಟದ ಎತ್ತರಕ್ಕೆ ಕಟ್ಟಿಸಿದ್ದೆ, ಹೆಗಲು ಕಿವಿಗೇರಿತು. ಒಡೆಸಿ ನಾಲ್ಕು ಬೆರಳು ತಗ್ಗಿಸಿದೆ, ಈಗ ಹದವಾಗಿದೆ. ರೊಟ್ಟಿ ಮೊದಲಿನಂತೆಯೇ ಉಬ್ಬುತ್ತದೆ. ನಿಂತು ಬಡಿದರೆ ರೊಟ್ಟಿ ಗಟ್ಟಿಯಾಗುತ್ತದೆ ಎಂದು ಹೇಳಿದವರೆಲ್ಲ ಈಗ ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದಾರೆ.

ನಾಟಿಗದ್ದೆ (ಸಿಂಧನೂರು)

ಅಕ್ಕ, ತಪ್ಪಾಯಿತು. ಅವ್ವನಿಗೆ ಕೊನೆಗಾಲದಲ್ಲಿ ಮಂಡಿ, ಬೆನ್ನು ಎರಡೂ ಹೋಗಿದ್ದವು. ನೆಟ್ಟಗಿದ್ದ ಕಾಲವಷ್ಟೇ ನನ್ನ ನೆನಪಿನಲ್ಲಿ ಉಳಿದಿದೆ.

ಹೆಗಲುವೈದ್ಯೆ (ರಾಯಚೂರು)

ರೊಟ್ಟಿಯಕ್ಕನವರ ಜೊತೆಯ ಆ ಹಿರಿಯಳ ಹೆಗಲ ಕೀಲೇ ಗಟ್ಟಿಯಾಗಿರಬಹುದು, ಅದು ಬೇರೆ ಕಾಯಿಲೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿ. ಮುಟ್ಟು ನಿಂತ ಮೇಲೆ ಎತ್ತರ ಕುಗ್ಗಿ ಬೆನ್ನು ಬಾಗುತ್ತಿದ್ದರೆ ಮೂಳೆ ಸವೆದಿರಬಹುದು. ಅಂಥವರಿಗೆ ಬೆನ್ನು ತುಳಿಸುವುದು, ತಿರುಚುವುದು ಖಂಡಿತ ಬೇಡ.

ವೇದಿಕೆ ನಿರ್ವಾಹಕ

ಬೆಲ್ಟ್ ಮಾರುವ ಕೊಂಡಿಗಳಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

ಸೂಜಿದಾರ (ಬಳ್ಳಾರಿ)

ಐದು ದಿನವಾಯಿತು. ಎಲಾಸ್ಟಿಕ್ ಎಳೆತ ಚೆನ್ನಾಗಿದೆ. ಆದರೆ ಕೆಲಸದಲ್ಲಿ ದಿನವಿಡೀ ಎದೆ ಉಬ್ಬಿಸಿ ನೆಟ್ಟಗೆ ಕೂತೆ, ಎರಡನೆಯ ದಿನಕ್ಕೆ ಸೊಂಟ ಹಿಡಿದುಕೊಂಡಿತು. ಪಕ್ಕದ ಮೆಷಿನಿನವನು, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದೀಯಾ ಎಂದು ಕೇಳಿದ.

ಹೆಗಲುವೈದ್ಯೆ (ರಾಯಚೂರು)

ದಿನವಿಡೀ ನೆಟ್ಟಗೆ ಕೂರಲು ನಾನು ಹೇಳಲೇ ಇಲ್ಲ! ಕಂಬದಂತೆ ಕೂರುವುದೂ ಒಂದು ಶಿಕ್ಷೆ. ಹೇಗೆ ಬೇಕಾದರೂ ಕುಳಿತುಕೊಳ್ಳಿ, ಆದರೆ ಅರ್ಧ ಗಂಟೆಗೊಮ್ಮೆ ಎದ್ದುಬಿಡಿ.

ಸೂಜಿದಾರ (ಬಳ್ಳಾರಿ)

ತಾಯೀ, ಪೀಸ್ ಲೆಕ್ಕದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದರೆ ಸಂಜೆ ಮನೆಗೆ ಬರಿಗೈಯಲ್ಲಿ ಹೋಗಬೇಕು. ಹೇಳುವುದು ಸುಲಭ.

ಅಕ್ಕಿಗಿರಣಿ (ಕಾರಟಗಿ)

ಇದು ಸರಿಯಾದ ಮಾತು. ನಾನು ಗಿರಣಿಯಲ್ಲಿ ಲೆಕ್ಕ ಬರೆಯುವವನು. ಸುಗ್ಗಿಯಲ್ಲಿ ಲಾರಿ ಸಾಲು ನಿಂತಾಗ ಎದ್ದು ಗೋಡೆಗೆ ತಲೆ ಕೊಟ್ಟು ನಿಂತರೆ ಮಾಲೀಕರು ಮಂತ್ರವಾದಿಯನ್ನು ಕರೆಸುತ್ತಾರೆ. ಸೂಜಿದಾರ ಅವರೇ, ನಿಮ್ಮಲ್ಲಿ ಬಂಡಲ್ ಲೆಕ್ಕವಿರುತ್ತದೆ ಅಲ್ಲವೇ? ಒಂದು ಬಂಡಲ್ ಮುಗಿದು ಇನ್ನೊಂದು ಬರುವ ನಡುವೆ ಯಾರು ತಂದು ಕೊಡುತ್ತಾರೆ?

ಸೂಜಿದಾರ (ಬಳ್ಳಾರಿ)

ಹುಡುಗನೇ ತಂದು ಕಾಲ ಬಳಿ ಇಡುತ್ತಾನೆ. ಅರ್ಥವಾಯಿತು. ಇನ್ನು ನಾನೇ ಎದ್ದು ತರುತ್ತೇನೆ. ಹೇಗೂ ಅವನು ತರುವವರೆಗೆ ಕೂತೇ ಕಾಯುತ್ತಿದ್ದೆ.

ಬೋರ್‌ವೆಲ್ (ಯಲಬುರ್ಗಾ)

ಯಾರೂ ನೀರಿನ ವಿಷಯ ಎತ್ತಲಿಲ್ಲವಲ್ಲ, ನಮ್ಮ ಸೀಮೆಯಲ್ಲಿ ಕುಳಿತು! ನಮ್ಮ ತಂದೆಗೆ ಕತ್ತು, ಸೊಂಟ ಎರಡೂ ಮರಗಟ್ಟಿದ್ದವು. ವರ್ಷಗಟ್ಟಲೆ ವಾಯು ಎಂದು ಎಣ್ಣೆ ತಿಕ್ಕಿದೆವು. ಕೊನೆಗೆ ಫ್ಲೋರೈಡ್ ಎಂದು ಗೊತ್ತಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳ ಅಂತರ್ಜಲದಲ್ಲಿ ಈ ಪೀಡೆ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5 ಕೊನೆಯ ಮಿತಿ.

ಆಗ ಬಂದ ಆರೋಗ್ಯ ಸಿಬ್ಬಂದಿ ಮೂರು ಸರಳ ಪರೀಕ್ಷೆ ಮಾಡಿಸಿದ್ದರು. ಮಂಡಿ ಮಡಚದೆ ಬಗ್ಗಿ ನೆಲದ ನಾಣ್ಯ ಎತ್ತುವುದು. ಗಲ್ಲವನ್ನು ಎದೆಗೆ ಮುಟ್ಟಿಸುವುದು. ಕೈಗಳನ್ನು ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ ತಲೆಯ ಹಿಂಬದಿ ಮುಟ್ಟುವುದು. ತಂದೆ ನಾಣ್ಯದ ಮುಂದೆ ನಿಂತು ಅರ್ಧಕ್ಕೆ ಬಗ್ಗಿ ಹಾಗೆಯೇ ನಿಂತರು. ಐದು ರೂಪಾಯಿಯದು. ನೀನೇ ಇಟ್ಟುಕೋ ಎಂದು ಆ ಹುಡುಗಿಗೆ ಹೇಳಿ ನಕ್ಕರು, ನಾನು ಹೊರಗೆ ಹೋಗಿ ನಿಂತುಕೊಂಡೆ.

ಮೇಷ್ಟ್ರು (ಮಾನ್ವಿ)

ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದಾರೆ. ಕುದಿಸಿ ಕುಡಿದರೆ ಸಾಕಲ್ಲವೇ?

ಬೋರ್‌ವೆಲ್ (ಯಲಬುರ್ಗಾ)

ಇಲ್ಲ ಮೇಷ್ಟ್ರೇ, ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ನದಿಯ ನೀರು, ಮಳೆ ನೀರು, ಇಲ್ಲವೇ ಆರ್‌ಒ ಘಟಕದ ನೀರು. ಘಟಕ ಕೆಟ್ಟು ನಿಂತಿದ್ದರೆ ಏನು ಮಾಡುವುದು ಎಂದು ಮಾತ್ರ ಕೇಳಬೇಡಿ.

ಸೂಜಿದಾರ (ಬಳ್ಳಾರಿ)

ಓದಿ ಕೈಕಾಲು ತಣ್ಣಗಾಯಿತು. ಈಗಲೇ ಮಾಡಿ ನೋಡಿದೆ. ಗಲ್ಲ ಎದೆಗೆ ಮುಟ್ಟುತ್ತದೆ, ನಾಣ್ಯ ಎತ್ತಿದೆ, ಕೈ ತಲೆಯ ಹಿಂದೆ ಹೋಗುತ್ತದೆ. ನಾವು ಕುಡಿಯುವುದು ನಲ್ಲಿಯಲ್ಲಿ ಬರುವ ತುಂಗಭದ್ರೆ.

ಕರಡಿಮರಿ (ದರೋಜಿ)

ಬರುವ ದಿನ ಎಂದು ಸೇರಿಸಿ.

ಹೊಸಬ (ಗಂಗಾವತಿ)

ನನಗೆ 26 ವರ್ಷ. ಬೆಳಗ್ಗೆ ಎದ್ದಾಗ ಬೆನ್ನು ಹಲಗೆಯ ಹಾಗೆ ಇರುತ್ತದೆ, ಸಡಿಲವಾಗಲು ಒಂದು ಗಂಟೆ ಬೇಕು. ಓಡಾಡಿದರೆ ಕಡಿಮೆ, ಮಲಗಿದರೆ ಜಾಸ್ತಿ. ಆರು ತಿಂಗಳಾಯಿತು. ಈ ಎಲಾಸ್ಟಿಕ್ ನನಗೂ ಆಗುತ್ತದೆಯೇ?

ಹೆಗಲುವೈದ್ಯೆ (ರಾಯಚೂರು)

ನೀವು ಎಲಾಸ್ಟಿಕ್ ಹುಡುಕಬೇಡಿ, ವೈದ್ಯರನ್ನು ಹುಡುಕಿ. ವಿಶ್ರಾಂತಿಯಲ್ಲಿ ಹೆಚ್ಚಿ ಓಡಾಟದಲ್ಲಿ ಇಳಿಯುವ ಬಿಗಿತ, ಅದೂ ಈ ವಯಸ್ಸಿನಲ್ಲಿ, ಕುಳಿತ ಭಂಗಿಯ ದೋಷವಲ್ಲದಿರಬಹುದು. ಬೆನ್ನುಮೂಳೆಯ ಉರಿಯೂತದ ಸಂಧಿವಾತವೇ ಎಂದು ನೋಡಬೇಕು. ಬೇಗ ಹಿಡಿದರೆ ಒಳ್ಳೆಯ ಔಷಧಿಗಳಿವೆ. ಈ ವಾರವೇ ಹೋಗಿ.

ರೊಟ್ಟಿಯಕ್ಕ (ಲಿಂಗಸುಗೂರು)

ಮೊದಲ ದಿನದಿಂದ ಒಂದು ಮಾತು ಕೊರೆಯುತ್ತಿದೆ. ಸೂಜಿದಾರ ಅವರು ಸೂಜಿಗೆ ದಾರ ಪೋಣಿಸಲು ಹುಡುಗನಿದ್ದಾನೆ ಎಂದು ಬರೆದಿದ್ದರು. ಇಪ್ಪತ್ತು ವರ್ಷ ಹೊಲಿದವರಿಗೆ ಹುಡುಗ ಏಕೆ ಬೇಕು? ನಾನು ಕೌದಿ ಹೊಲಿಯುವವಳು, ನನಗೆ ಗೊತ್ತು. ಕತ್ತು ಮುಂದೆ ಹೋಗಿರುವುದು ಎದೆ ಬಿಗಿದಿದ್ದಕ್ಕೋ, ಕಣ್ಣು ಕಾಣದಿದ್ದಕ್ಕೋ?

ಹೆಗಲುವೈದ್ಯೆ (ರಾಯಚೂರು)

ಅಕ್ಕ, ಶರಣು. ನಾನು ಹೆಗಲು ನೋಡುತ್ತಾ ಕಣ್ಣನ್ನೇ ಮರೆತೆ.

ಮನೆಕಚೇರಿ (ಕೊಪ್ಪಳ)

ಆದರೆ ಇದು ಹೊಂದುವುದಿಲ್ಲವಲ್ಲ. 43ಕ್ಕೆ ಬರುವುದು ಚಾಳೀಸು. ಚಾಳೀಸು ಬಂದವರು ಪತ್ರಿಕೆಯನ್ನು ದೂರ ಹಿಡಿದು ಓದುತ್ತಾರೆ. ಇವರು ಹತ್ತಿರಕ್ಕೆ ಬಗ್ಗುತ್ತಿದ್ದಾರೆ. ಉಲ್ಟಾ ಆಯಿತು.

ಅಕ್ಕಿಗಿರಣಿ (ಕಾರಟಗಿ)

ಚಾಳೀಸೊಂದೇ ಇರಬೇಕೆಂದಿಲ್ಲ. ನನಗೆ ಸಿಲಿಂಡರ್ ನಂಬರಿತ್ತು, ಹತ್ತಿರದ್ದೂ ಮಸುಕು, ದೂರದ್ದೂ ಮಸುಕು, ಲೆಕ್ಕದ ಪುಸ್ತಕಕ್ಕೆ ಮೂಗು ಒರೆಸುತ್ತಿದ್ದೆ. ಇನ್ನೊಂದು, ಬೆಳಕು. ಗಾಢ ನೀಲಿ ಬಟ್ಟೆಯ ಮೇಲೆ ಗಾಢ ನೀಲಿ ದಾರ, ಮೇಲೆ ಒಂದು ಟ್ಯೂಬ್‌ಲೈಟ್. ಯಾರಾದರೂ ಬಗ್ಗಲೇಬೇಕು. ಸೂಜಿದಾರ ಅವರೇ, ಮೆಷಿನಿನ ಸೂಜಿಯ ಹತ್ತಿರ ದೀಪವಿದೆಯೇ?

ಸೂಜಿದಾರ (ಬಳ್ಳಾರಿ)

ಇದೆ. ಉರಿಯುವುದಿಲ್ಲ. ಹೋಗಿ ಎಷ್ಟು ತಿಂಗಳಾಯಿತೋ, ಹೋದ ದೀಪಾವಳಿಯ ಮುಂಚೆಯೇ ಇರಬೇಕು. ಕಿತ್ತಳೆ ದಾರದ ಹೊಲಿಗೆ ಸಲೀಸಾಗಿ ಹೋಗುತ್ತದೆ, ನೀಲಿ ದಾರ ಬಂದಾಗ ತಲೆ ತಾನಾಗಿಯೇ ಕೆಳಗೆ ಹೋಗುತ್ತದೆ. ಇದನ್ನು ಬರೆಯುವಾಗಲೇ ಗೊತ್ತಾಯಿತು, ಉರಿ ಹೆಚ್ಚುವುದೂ ನೀಲಿ ದಾರದ ದಿನಗಳಲ್ಲೇ.

ಮನೆಕಚೇರಿ (ಕೊಪ್ಪಳ)

ಕಣ್ಣು ಪರೀಕ್ಷೆಗೆ ಹೋದಾಗ ಸುಮ್ಮನೆ ಓದುವ ಕನ್ನಡಕ ತರಬೇಡಿ. ಕಣ್ಣಿನಿಂದ ಸೂಜಿಯವರೆಗಿನ ದೂರವನ್ನು ಅಳೆದುಕೊಂಡು ಹೋಗಿ ಹೇಳಿ. ನಾನು ಎರಡು ಭಾಗದ ಕನ್ನಡಕ ಹಾಕಿಸಿಕೊಂಡು ಕೆಟ್ಟೆ. ಓದುವ ಭಾಗ ಕೆಳಗಿರುತ್ತದೆ, ಪರದೆ ನೋಡಲು ದಿನವಿಡೀ ಗಲ್ಲ ಎತ್ತಿ ಕೂರಬೇಕಾಯಿತು. ಒಂದು ನೋವು ಹೋಗಿ ಇನ್ನೊಂದು ಬಂತು.

ಕರಡಿಮರಿ (ದರೋಜಿ)

ಅಂದರೆ ಆ ಬೆಲ್ಟ್ ನನ್ನ ಬಳಿಯೇ ಉಳಿಯಿತು. ಯಾರಿಗಾದರೂ ಬೇಕೇ? ಎರಡು ಪ್ಲೇಟ್ ಮಿರ್ಚಿ ಭಜ್ಜಿ, ಜೊತೆಗೆ ಒಗ್ಗರಣೆ ಮಂಡಕ್ಕಿ ಕೊಡಿಸಿದರೆ ಸಾಕು.

ಗರಡಿಯವ (ಸಂಡೂರು)

ಮಿರ್ಚಿ ಕೊಡಿಸುತ್ತೇನೆ. ಬೆಲ್ಟ್ ಬೇಡ, ಅದನ್ನು ಹಗ್ಗದ ಬದಲು ಎಳೆಯಲು ಬರುತ್ತದೆಯೇ ನೋಡೋಣ.

ಸೂಜಿದಾರ (ಬಳ್ಳಾರಿ)

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಮರೆತಿರಲಿಲ್ಲ, ಹಬ್ಬದ ಆರ್ಡರ್ ಇತ್ತು.

ಅಯಸ್ಕಾಂತದ ತಳವಿರುವ ಚಿಕ್ಕ ಎಲ್‌ಇಡಿ ದೀಪ ತಂದು ಸೂಜಿಯ ಪಕ್ಕ ಅಂಟಿಸಿದೆ, 180 ರೂಪಾಯಿ. ಕಣ್ಣಿನದ್ದು ಕಾರಟಗಿಯವರು ಹೇಳಿದ್ದೇ: ಎರಡೂ ಕಣ್ಣಿಗೆ ಸಿಲಿಂಡರ್ ನಂಬರು, ಜೊತೆಗೆ ಚಾಳೀಸಿನ ಆರಂಭ. ಟೇಪಿನಲ್ಲಿ ಅಳೆದುಕೊಂಡು ಹೋಗಿದ್ದೆ, 19 ಇಂಚು. ಪರೀಕ್ಷೆ ಮಾಡಿದವರು ಟೇಪು ನೋಡಿ ನಕ್ಕರು, ಆದರೆ ಬರೆದುಕೊಂಡರು. ಪೆಡಲ್ ದೂರವಿದೆ ಎಂದು ಸ್ಟೂಲನ್ನು ನಾಲ್ಕು ಬೆರಳು ಮುಂದೆ ಎಳೆದೆ. ಬಂಡಲ್ ನಾನೇ ತರುತ್ತೇನೆ. ಬಾಗಿಲು, ಗೋಡೆ, ಎಲಾಸ್ಟಿಕ್ ಹೆಚ್ಚು ಕಡಿಮೆ ತಪ್ಪಿಸಿಲ್ಲ, ಹಬ್ಬದ ವಾರ ಬಿಟ್ಟು.

ಅಳತೆ: ಎಡ ಹೆಗಲು ಒಂದು ಕಾಲು ಇಂಚು, ಬಲ ಒಂದೂ ಮುಕ್ಕಾಲು. ತಲೆಗೂ ಗೋಡೆಗೂ ಒಂದು ಇಂಚಿಗಿಂತ ಸ್ವಲ್ಪ ಕಡಿಮೆ. ಉರಿ ಪೂರ್ತಿ ಹೋಗಿಲ್ಲ, ಶನಿವಾರ ಸಂಜೆಯ ಹೊತ್ತಿಗೆ ಬರುತ್ತದೆ. ಮುಲಾಮಿನ ಡಬ್ಬಿ ಮಾತ್ರ ಹೋದ ತಿಂಗಳಿನದೇ ಇನ್ನೂ ಮುಗಿದಿಲ್ಲ.

ಸೂಜಿಗೆ ದಾರ ಈಗ ನಾನೇ ಪೋಣಿಸುತ್ತೇನೆ. ಹುಡುಗನಿಗೆ ಅದೇ ಬೇಸರ, ದಾರ ಪೋಣಿಸುವ ನೆಪದಲ್ಲಿ ಸಿಗುತ್ತಿದ್ದ ಚಹಾ ತಪ್ಪಿತು.

ರೊಟ್ಟಿಯಕ್ಕ (ಲಿಂಗಸುಗೂರು)

ಅವನಿಗೆ ಚಹಾ ತಪ್ಪಿಸಬೇಡಿ. ಬಲ ಹೆಗಲು ಇನ್ನೂ ಒಂದೂ ಮುಕ್ಕಾಲು ಎಂದಿರಲ್ಲ, ಎಲಾಸ್ಟಿಕ್ ಮುಂದುವರಿಸಿ.